ಒಬ್ಬರಿಗೆ ಒಂದೇ ಪುಸ್ತಕ: ಕನ್ನಡದ ಕಥೆ, ಕಾದಂಬರಿ, ನಾಟಕ ಶಿಫಾರಸು ಮಾಡುವ ಕ್ರಮ

“ಓದುವುದಕ್ಕೆ ಒಳ್ಳೆಯ ಪುಸ್ತಕ ಹೇಳಿ” ಎಂದು ಯಾರಾದರೂ ಕೇಳಿದರೆ ಸಾಕು, ನಮ್ಮಲ್ಲಿ ಹೆಚ್ಚಿನವರು ಇಪ್ಪತ್ತೈದು ಹೆಸರುಗಳ ಪಟ್ಟಿ ಕೊಟ್ಟುಬಿಡುತ್ತೇವೆ. ಕೇಳಿದವರು ಅದನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳುತ್ತಾರೆ. ಆರು ತಿಂಗಳು ಬಿಟ್ಟು ಸಿಕ್ಕಾಗ ಅವರೇ ಮತ್ತೆ “ಯಾವುದಾದರೂ ಒಳ್ಳೆಯ ಪುಸ್ತಕ ಹೇಳಿ” ಎನ್ನುತ್ತಾರೆ. ಪಟ್ಟಿಯಲ್ಲಿದ್ದ ಒಂದು ಪುಸ್ತಕವೂ ಅವರ ಮನೆಗೆ ಬಂದಿರುವುದಿಲ್ಲ.

ಈ ತಪ್ಪನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ತಂಗಿಯ ಮಗನ ಮದುವೆಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಉಡುಗೊರೆ ಕೊಟ್ಟೆ. ಹೆಸರು ಸಂದರ್ಭಕ್ಕೆ ಒಪ್ಪುತ್ತದೆ ಎಂಬುದಷ್ಟೇ ನನ್ನ ವಿವೇಚನೆ. ನಾಲ್ಕು ವರ್ಷದ ಮೇಲೆ ಅವನ ಮನೆಗೆ ಹೋದಾಗ ಅದು ಟಿ.ವಿ.ಯ ಪಕ್ಕ ಸೆಟ್‌ಟಾಪ್ ಬಾಕ್ಸಿಗೆ ಮಣೆಯಾಗಿತ್ತು. ತಪ್ಪು ಅವನದಲ್ಲ. ಶಾಲೆ ಬಿಟ್ಟ ಮೇಲೆ ಕನ್ನಡದ ಒಂದು ಪುಸ್ತಕವನ್ನೂ ಮುಗಿಸಿರದ ಹುಡುಗನಿಗೆ ಆ ಗಾತ್ರದ ಕಾದಂಬರಿ ಕೊಡುವುದೆಂದರೆ, ಈಜು ಬಾರದವನನ್ನು ಮಳೆಗಾಲದ ತುಂಗೆಗೆ ಇಳಿಸಿದ ಹಾಗೆ.

ಕೆಳಗಿನ ಕ್ರಮ ಓದಿನ ಅಭ್ಯಾಸ ತಪ್ಪಿಹೋಗಿರುವ ದೊಡ್ಡವರನ್ನು ಉದ್ದೇಶಿಸಿದ್ದು. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಎಡವುವವರಲ್ಲಿ ಬಹುಪಾಲು ಜನ ಮೊದಲ ಹಂತವನ್ನು ಬಿಟ್ಟು ನೇರವಾಗಿ ಐದನೆಯದಕ್ಕೆ ಹಾರಿರುತ್ತಾರೆ.

ಬೇಕಾಗುವ ಸಾಮಗ್ರಿ

ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್, ಅಂಗೈ ಅಗಲದ ರಟ್ಟಿನ ಚೀಟಿಗಳು. ಜೊತೆಗೆ, ಕೊಟ್ಟರೆ ಹಿಂದಿರುಗದಿದ್ದರೂ ಹೊಟ್ಟೆ ಉರಿಯದಂಥ ನಾಲ್ಕೈದು ಪುಸ್ತಕಗಳ ಹೆಚ್ಚುವರಿ ಪ್ರತಿ. ಈ ಕೊನೆಯದು ಐಷಾರಾಮವೆಂದು ತೋರಬಹುದು, ಆದರೆ ಇದಿಲ್ಲದೆ ಏಳನೆಯ ಹಂತ ನಡೆಯುವುದೇ ಇಲ್ಲ. ಕನ್ನಡದ ಸಣ್ಣ ಕಾದಂಬರಿಯೊಂದರ ಬೆಲೆ ಸಾಮಾನ್ಯವಾಗಿ ಒಂದು ಹೋಟೆಲ್ ಊಟದ ಬೆಲೆಗಿಂತ ಹೆಚ್ಚಿರುವುದಿಲ್ಲ.

ಹಂತ 1: ಪುಸ್ತಕಕ್ಕೆ ಮೊದಲು ಮನುಷ್ಯರನ್ನು ಓದಿ

ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕೊನೆಯವರೆಗೆ ಓದಿ ಮುಗಿಸಿದ ಪುಸ್ತಕ ಯಾವುದು? ಮುಗಿಸಿದ್ದು ಯಾವಾಗ? ಓದುವುದಾದರೆ ದಿನದ ಯಾವ ಹೊತ್ತು, ಎಲ್ಲಿ? ಮನೆಯಲ್ಲಿ ಆಡುವ ಕನ್ನಡ ಯಾವ ಸೀಮೆಯದು?

ಮೊದಲ ಪ್ರಶ್ನೆಯಲ್ಲಿ ‘ಮುಗಿಸಿದ’ ಎಂಬ ಮಾತು ಮುಖ್ಯ. “ಯಾರು ಇಷ್ಟ?” ಎಂದು ಕೇಳಿದರೆ ಎಲ್ಲರೂ ಕಾರಂತ, ಕುವೆಂಪು ಎನ್ನುತ್ತಾರೆ, ಅದು ಪಠ್ಯಪುಸ್ತಕದ ನೆನಪು. ಮುಗಿಸಿದ್ದು ಯಾವುದು ಎಂದಾಗ ಸತ್ಯ ಹೊರಬೀಳುತ್ತದೆ. ಪಿ.ಯು.ಸಿ.ಯಲ್ಲಿದ್ದಾಗ ಅಮ್ಮ ಓದುತ್ತಿದ್ದ ತ್ರಿವೇಣಿಯವರ ಕಾದಂಬರಿ ಎಂದರೆ ನಿಮಗೆ ದಾರಿ ಸಿಕ್ಕಿತು. ಪತ್ತೇದಾರಿ ಕಾದಂಬರಿ ಎಂದರೆ ಇನ್ನೂ ಒಳ್ಳೆಯದು, ಕಥೆಯ ಹಿಂದೆ ಓಡುವ ಕಾಲು ಇನ್ನೂ ಗಟ್ಟಿಯಿದೆ ಎಂದರ್ಥ.

ಓದುವ ಜಾಗವನ್ನು ಕೇಳುವುದನ್ನು ಮರೆಯಬೇಡಿ. ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವವರಿಗೆ ರಟ್ಟಿನ ಹೊದಿಕೆಯ ದಪ್ಪ ಪುಸ್ತಕ ಕೊಡುವುದು ಶಿಕ್ಷೆ. ಅರವತ್ತು ದಾಟಿದವರಿಗೆ ಅಕ್ಷರದ ಗಾತ್ರವೇ ಮೊದಲ ವಿಚಾರ. ಹಳೆಯ ಮುದ್ರಣದ ಒತ್ತಿದ ಅಕ್ಷರಗಳನ್ನು ನೋಡಿ ಪುಸ್ತಕ ಮುಚ್ಚಿಟ್ಟು, ಕಾರಣ ಕೇಳಿದರೆ “ಕಥೆ ಹಿಡಿಸಲಿಲ್ಲ” ಎಂದವರನ್ನು ಕಂಡಿದ್ದೇನೆ.

ಹಂತ 2: ನಿಮಗೆ ಅಚ್ಚುಮೆಚ್ಚಾದದ್ದನ್ನು ಪಕ್ಕಕ್ಕಿಡಿ

ನಮ್ಮ ಬದುಕನ್ನೇ ಅಲ್ಲಾಡಿಸಿದ ಪುಸ್ತಕವನ್ನು ನಾವು ನೆನಪಿನಿಂದ ಹೊಗಳುತ್ತೇವೆ, ಪುಟ ತೆರೆದು ನೋಡಿ ಅಲ್ಲ. ಆದ್ದರಿಂದ ಹೇಳಬೇಕೆಂದಿರುವ ಪುಸ್ತಕದ ಮೊದಲ ಹತ್ತು ಪುಟಗಳನ್ನು ಈ ವಾರವೇ ಮತ್ತೆ ಓದಿ. ಎಷ್ಟು ಪಾತ್ರಗಳು ಬಂದವು? ಎಷ್ಟು ಊರಿನ ಹೆಸರು? ಎಷ್ಟು ಪದಗಳಿಗೆ ನೀವೇ ನಿಂತಿರಿ? ಹತ್ತು ಪುಟದಲ್ಲಿ ಆರಕ್ಕಿಂತ ಹೆಚ್ಚು ಹೆಸರುಗಳಿದ್ದರೆ ಅದು ಎರಡನೆಯ ಅಥವಾ ಮೂರನೆಯ ಪುಸ್ತಕವಾಗಬಹುದು, ಮೊದಲನೆಯದಲ್ಲ.

ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ಗೃಹಪ್ರವೇಶ, ನಿವೃತ್ತಿ, ಷಷ್ಟ್ಯಬ್ದಿ ಎಲ್ಲಕ್ಕೂ ಹೋಗುತ್ತದೆ. ಕೊಡುವವರಲ್ಲಿ ಎಷ್ಟು ಮಂದಿ ಅದನ್ನು ಕ್ರಮವಾಗಿ ಓದಿದ್ದಾರೋ ಗೊತ್ತಿಲ್ಲ. ಅದು ದಿನಕ್ಕೊಂದು ಪದ್ಯವೆಂದು ನಿಧಾನವಾಗಿ ನಡೆಯುವ ಪುಸ್ತಕ. ಆ ಮಾತನ್ನು ಹೇಳದೆ ಕೊಟ್ಟರೆ ಪೂಜೆಯ ಕಪಾಟು ಸೇರುತ್ತದೆ.

ಹಂತ 3: ಮೊದಲ ಪುಸ್ತಕ ಎರಡು ಮೂರು ರಾತ್ರಿಗಳಲ್ಲಿ ಮುಗಿಯುವಂತಿರಲಿ

ಓದು ಬಿಟ್ಟವರಿಗೆ ಬೇಕಾದದ್ದು ‘ಮುಗಿಸಿದೆ’ ಎಂಬ ಅನುಭವ. ನಾನು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವವು ಇವು: ಮಾಸ್ತಿಯವರ ‘ಸುಬ್ಬಣ್ಣ’ (1928), ದೇವನೂರ ಮಹಾದೇವರ ‘ಒಡಲಾಳ’, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980), ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಕಾರಂತರನ್ನೇ ಓದಬೇಕೆಂದು ಹಟ ಹಿಡಿದವರಿಗೆ ‘ಮರಳಿ ಮಣ್ಣಿಗೆ’ ಬದಲು ‘ಚೋಮನ ದುಡಿ’ ಅಥವಾ ‘ಬೆಟ್ಟದ ಜೀವ’.

ಸಣ್ಣಕಥೆಗಳ ಸಂಕಲನ ಇನ್ನೂ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ನನ್ನ ಅನುಭವದಲ್ಲಿ ಅಲ್ಲ. ಕಥೆ ಮುಗಿದಾಗ ಪುಸ್ತಕ ಕೆಳಗಿಡಲು ಒಂದು ನೆಪ ಸಿಗುತ್ತದೆ, ಮತ್ತೆ ಎತ್ತಿಕೊಳ್ಳಲು ಯಾವ ಸೆಳೆತವೂ ಇರುವುದಿಲ್ಲ. ಸಂಕಲನ ಕೊಡುವುದಾದರೆ ಒಂದೇ ಕಥೆಗೆ ಚೀಟಿ ಇಟ್ಟು “ಇದೊಂದನ್ನು ಓದಿ ವಾಪಸ್ ಕೊಡಿ” ಎನ್ನಿ. ಉಳಿದವನ್ನು ಅವರೇ ಕದ್ದು ಓದಲಿ. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ನನ್ನನ್ನು ಅವರ ಕಥೆಗಳ ಬಗ್ಗೆ ಕೇಳಿದವರಿಗೆಲ್ಲ ಹೀಗೆಯೇ ಮಾಡಿದೆ. ಇಡೀ ಸಂಪುಟ ಕೊಂಡವರಿಗಿಂತ ಒಂದು ಕಥೆಯ ಚೀಟಿ ಪಡೆದವರು ಮುಂದೆ ಹೋದರು.

ಹಂತ 4: ಪುಸ್ತಕದ ಕನ್ನಡವನ್ನೂ ಓದುವವರ ಕಿವಿಯನ್ನೂ ಹೊಂದಿಸಿ

ಶಿಫಾರಸು ಮಾಡುವವರು ತೀರ ಕಡೆಗಣಿಸುವ ಹಂತವಿದು. ಕನ್ನಡದ ಒಳ್ಳೆಯ ಬರಹದ ದೊಡ್ಡ ಪಾಲು ಒಂದೊಂದು ಸೀಮೆಯ ಮಾತಿನಲ್ಲಿದೆ. ನಂಜನಗೂಡಿನ ಕಡೆಯವರಿಗೆ ದೇವನೂರರ ಮಾತು ಅಜ್ಜಿಯ ಮಾತಿನಂತೆ ಕೇಳಿಸುತ್ತದೆ, ಕಾರವಾರದವರು ಅದೇ ಪುಟದಲ್ಲಿ ನಾಲ್ಕು ಸಲ ನಿಲ್ಲುತ್ತಾರೆ. ಬೆಳಗಾವಿ, ಧಾರವಾಡದವರಿಗೆ ಚಂದ್ರಶೇಖರ ಕಂಬಾರರ ಸಂಭಾಷಣೆ ನೀರು ಕುಡಿದಷ್ಟು ಸಲೀಸು. ಕುಂದಾಪುರದವರ ಕೈಗೆ ವೈದೇಹಿಯವರ ಕಥೆ ಕೊಟ್ಟು ನೋಡಿ, ಎರಡನೆಯ ಪುಟಕ್ಕೆ ನಗುತ್ತಾರೆ.

ಹಾಗಾದರೆ ಬೇರೆ ಸೀಮೆಯದ್ದನ್ನು ಕೊಡಲೇಬಾರದೇ? ಕೊಡಬೇಕು, ಮೊದಲನೆಯದಾಗಿ ಅಲ್ಲ. ಕೊಡುವಾಗ ಒಂದು ಪುಟವನ್ನು ನೀವೇ ಗಟ್ಟಿಯಾಗಿ ಓದಿ ಕೇಳಿಸಿ. ಕಣ್ಣಿಗೆ ಕಗ್ಗಂಟಾಗಿ ಕಂಡ ಸಾಲು ಕಿವಿಗೆ ಬಿದ್ದ ಕೂಡಲೇ ಬಿಚ್ಚಿಕೊಳ್ಳುತ್ತದೆ. ದೇವನೂರರ ‘ಕುಸುಮಬಾಲೆ’ಯನ್ನು ನೇರವಾಗಿ ಕೊಟ್ಟು ಮೂವರನ್ನು ಕಳೆದುಕೊಂಡಿದ್ದೇನೆ. ‘ಒಡಲಾಳ’ ಮುಗಿಸಿದವರಿಗೆ ಕೊಟ್ಟಾಗ ಒಬ್ಬರೂ ಅರ್ಧಕ್ಕೆ ಬಿಟ್ಟಿಲ್ಲ.

ಹೊರದೇಶದಲ್ಲಿ ಬೆಳೆದು, ಕನ್ನಡ ಕೇಳಿದರೆ ತಿಳಿಯುವ ಆದರೆ ಓದಲು ಬಾರದ ಮಕ್ಕಳ ವಿಚಾರ ಬೇರೆ. ಅವರಿಗೆ ಆಡಿಯೊ ಪುಸ್ತಕದಿಂದ ಆರಂಭಿಸಿ. ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡದವು ಸಿಗುತ್ತವೆ. ಇಲ್ಲವೇ ಅನುವಾದ: ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಎ.ಕೆ. ರಾಮಾನುಜನ್, ‘ಘಾಚರ್ ಘೋಚರ್’ ಅನ್ನು ಶ್ರೀನಾಥ್ ಪೇರೂರ್ ಇಂಗ್ಲಿಷಿಗೆ ತಂದಿದ್ದಾರೆ. ಅನುವಾದದಿಂದ ಹೊರಟವರು ಮೂಲಕ್ಕೆ ಬಾರದಿದ್ದರೂ ಪರವಾಗಿಲ್ಲ.

ಹಂತ 5: ಮೂರು ವಾಕ್ಯಗಳಲ್ಲಿ ಹೇಳಿ, ಹೊಗಳಬೇಡಿ

“ಅದ್ಭುತ”, “ಓದಲೇಬೇಕು”, “ಜ್ಞಾನಪೀಠ ಬಂದಿದೆ” ಎಂಬ ಮೂರು ಮಾತುಗಳನ್ನು ಬಾಯಿಂದ ತೆಗೆದುಹಾಕಿ. ಪ್ರಶಸ್ತಿಯ ಹೆಸರು ಕೇಳಿದೊಡನೆ ಓದುಗರ ಬೆನ್ನು ನೆಟ್ಟಗಾಗುತ್ತದೆ, ಪರೀಕ್ಷೆಗೆ ಕೂತಂತೆ. ಬದಲಿಗೆ ಕಥೆಯೊಳಗಿನ ಒಂದು ವಸ್ತು, ಒಬ್ಬ ವ್ಯಕ್ತಿ, ಒಂದು ತೊಡಕನ್ನು ಮುಂದಿಡಿ.

‘ಒಡಲಾಳ’ಕ್ಕೆ ನಾನು ಹೇಳುವುದು ಇಷ್ಟೇ: ಸಾಕವ್ವ ಎಂಬ ಮುದುಕಿಯ ಹುಂಜ ಕಳೆದುಹೋಗಿದೆ. ಅವಳು ಅದನ್ನು ಹುಡುಕುತ್ತಿದ್ದಾಳೆ. ಅವಳ ಮನೆಯವರೆಲ್ಲ ರಾತ್ರಿ ಒಲೆಯ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ‘ಕರ್ವಾಲೊ’ಗೆ: ಮೂಡಿಗೆರೆಯ ಜೇನು ಸೊಸೈಟಿಗೆ ಹೋದವನೊಬ್ಬ ಕೊನೆಗೆ ಹಾರುವ ಓತಿಯ ಬೆನ್ನು ಹತ್ತಿ ಕಾಡು ಸೇರುತ್ತಾನೆ. ‘ಘಾಚರ್ ಘೋಚರ್’ಗೆ: ಇರುವೆಗಳ ಕಾಟದ ಬಾಡಿಗೆ ಮನೆಯಲ್ಲಿದ್ದ ಸಂಸಾರಕ್ಕೆ ಇದ್ದಕ್ಕಿದ್ದಂತೆ ದುಡ್ಡು ಬಂದರೆ ಏನಾಗುತ್ತದೆ?

ಇಷ್ಟಾದ ಮೇಲೆ ಸುಮ್ಮನಾಗಬೇಕು. ಸಂಕೇತ, ಸಾಮಾಜಿಕ ಪ್ರಜ್ಞೆ, ನವ್ಯ, ಬಂಡಾಯ ಇವನ್ನೆಲ್ಲ ಈಗಲೇ ಹೇಳಿದರೆ ಊಟಕ್ಕೆ ಕೂರುವ ಮೊದಲೇ ಅಡುಗೆಯ ಲೆಕ್ಕ ಒಪ್ಪಿಸಿದಂತೆ.

ಹಂತ 6: ನಾಟಕವಾದರೆ ಓದುವ ವಿಧಾನವನ್ನೂ ಜೊತೆಗೆ ಕೊಡಿ

ಕಾದಂಬರಿ ಓದಿ ಅಭ್ಯಾಸವಿರುವವರೂ ನಾಟಕದ ಪುಸ್ತಕದಲ್ಲಿ ಸೋಲುತ್ತಾರೆ. ಕಾರಣ ಸರಳ. ಕಾದಂಬರಿಯಲ್ಲಿ ಮುಖ, ಮನೆ, ದನಿ ಎಲ್ಲವನ್ನೂ ಲೇಖಕ ಬರೆದಿರುತ್ತಾನೆ, ನಾಟಕದಲ್ಲಿ ಆ ಕೆಲಸ ನಟರಿಗೆ ಬಿಟ್ಟದ್ದು. ಒಬ್ಬರೇ ಕೂತು ಮೌನವಾಗಿ ಓದುವಾಗ ನಟರು ಇಲ್ಲ, ಆದ್ದರಿಂದ ಪುಟದ ಮೇಲೆ ಹೆಸರುಗಳೂ ಅವುಗಳ ಮುಂದೆ ಮಾತುಗಳೂ ಮಾತ್ರ ಉಳಿಯುತ್ತವೆ. ನಾಟಕವನ್ನು ಶಿಫಾರಸು ಮಾಡುವಾಗ ಈ ಕೆಳಗಿನ ಕ್ರಮವನ್ನು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟೇ ಕೊಡುತ್ತೇನೆ.

*ಮೊದಲು ಪಾತ್ರಗಳ ಚೀಟಿ.* ಪ್ರತಿ ಪಾತ್ರದ ಹೆಸರಿನ ಮುಂದೆ ನಿಮಗೆ ಗೊತ್ತಿರುವ ಒಬ್ಬರ ಹೆಸರು ಬರೆಯಿರಿ. ಗಿರೀಶ ಕಾರ್ನಾಡರ ‘ನಾಗಮಂಡಲ’ದ ಅಪ್ಪಣ್ಣನಿಗೆ ಬೀದಿಯ ಕೊನೆಯ ಮನೆಯ ಸಿಡುಕನ ದನಿ, ಕುರುಡವ್ವನಿಗೆ ನಿಮ್ಮ ಸೋದರತ್ತೆಯ ದನಿ. ಚೀಟಿಯೇ ಪುಟಗುರುತೂ ಆಗುತ್ತದೆ. (ಈ ಚೀಟಿಯನ್ನು ಪುಸ್ತಕದಲ್ಲೇ ಬಿಟ್ಟು ಹಿಂದಿರುಗಿಸಬೇಡಿ. ಯಾಕೆಂದು ಕೇಳಬೇಡಿ.)

*ರಂಗಸೂಚನೆಯನ್ನು ಹಾರಿಸಬೇಡಿ.* ಆವರಣದೊಳಗಿನ ಓರೆ ಅಕ್ಷರಗಳನ್ನು ಬಿಟ್ಟು ಮಾತಿನಿಂದ ಮಾತಿಗೆ ಜಿಗಿಯುವುದು ಎಲ್ಲರೂ ಮಾಡುವ ತಪ್ಪು. ಯಾರು ಒಳಗೆ ಬಂದರು, ಯಾರು ಕದ್ದು ಕೇಳುತ್ತಿದ್ದಾರೆ ಎಂಬುದು ಅಲ್ಲಿಯೇ ಇರುತ್ತದೆ. ಕಾರ್ನಾಡರ ‘ತುಘಲಕ್’ (1964) ನಾಟಕದಲ್ಲಿ ಹದಿಮೂರು ದೃಶ್ಯಗಳಿವೆ. ಮೊದಲನೆಯದು ದೆಹಲಿಯಲ್ಲಿ, ನಡುವೆ ವರ್ಷಗಳು ಸರಿದು ಕಥೆ ದೌಲತಾಬಾದಿಗೆ ಹೋಗಿರುತ್ತದೆ. ದೃಶ್ಯದ ತಲೆಬರಹ ಓದದವರು ಅರ್ಧದಾರಿಯಲ್ಲಿ ಯಾವ ಊರಿನಲ್ಲಿದ್ದೇವೆಂದೇ ತಿಳಿಯದೆ ಕೂರುತ್ತಾರೆ. ಅದೇ ನಾಟಕದ ಆರಂಭದಲ್ಲಿ ಮಾತಾಡುವವರಿಗೆ ಹೆಸರೂ ಇಲ್ಲ, ಮುದುಕ, ಯುವಕ ಎಂದಷ್ಟೇ ಇದೆ. ಗಾಬರಿ ಬೇಡ, ಅದು ಸಂತೆಯ ಗದ್ದಲ ಎಂದುಕೊಂಡು ಓದಿ. ಸುಲ್ತಾನನ ಮೇಲೆ ದಾವೆ ಹೂಡಿ ಗೆದ್ದು ಹೊರಬರುವ ಬ್ರಾಹ್ಮಣನ ಮೇಲೆ ಮಾತ್ರ ಕಣ್ಣಿಟ್ಟಿರಿ. ಅವನು ನಿಜಕ್ಕೂ ಯಾರು ಎಂಬುದು ಮುಂದಿನ ದೃಶ್ಯಗಳ ಕೀಲಿ.

*ಗಟ್ಟಿಯಾಗಿ ಓದಿ.* ಟಿ.ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’, ‘ಪೋಲಿಕಿಟ್ಟಿ’ಗಳನ್ನು ಕಣ್ಣಿನಲ್ಲಿ ಓದಿ ಯಾರೂ ನಕ್ಕದ್ದನ್ನು ನಾನು ನೋಡಿಲ್ಲ. ಆಡುಮಾತಿನ ಉಚ್ಚಾರವನ್ನೇ ಅಕ್ಷರಕ್ಕಿಳಿಸಿ, ನಡುನಡುವೆ ಇಂಗ್ಲಿಷನ್ನು ಹೆಣೆದ ಬರಹ ಅದು. ಬಾಯಿಬಿಟ್ಟು ಓದಿದರೆ ಐದೇ ನಿಮಿಷದಲ್ಲಿ ಹಳೆಯ ಮೈಸೂರಿನ ಮನೆಯ ಪಡಸಾಲೆ ಕಣ್ಣ ಮುಂದೆ ನಿಲ್ಲುತ್ತದೆ.

*ಒಂದೇ ಕೂರುವಿಕೆಯಲ್ಲಿ, ಹೆಚ್ಚೆಂದರೆ ಎರಡು ಸಂಜೆಗಳಲ್ಲಿ ಮುಗಿಸಿ.* ಕಾದಂಬರಿಯನ್ನು ತಿಂಗಳಿಡೀ ಎಳೆಯಬಹುದು. ನಾಟಕ ಮೂರು ದಿನ ಬಿಟ್ಟರೆ ಹಳಸುತ್ತದೆ.

*ಹಾಡುಗಳಲ್ಲಿ ನಿಲ್ಲಿ.* ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ, ಕಾರ್ನಾಡರ ‘ಹಯವದನ’ದಲ್ಲಿ (1971) ಹಾಡು ಬಂದಾಗ ಮೌನ ಓದು ಕುಂಟುತ್ತದೆ. ಬಿ.ವಿ. ಕಾರಂತರ ರಂಗಗೀತೆಗಳ ಧ್ವನಿಮುದ್ರಿಕೆಗಳು ಸಿಗುತ್ತವೆ. ನಾಟಕ ಓದುವ ಹಿಂದಿನ ದಿನ ಒಂದೆರಡನ್ನು ಕೇಳಿಸಿಕೊಂಡರೆ ಸಾಕು, ಮರುದಿನ ಪುಟದ ಮೇಲಿನ ಹಾಡಿಗೆ ಲಯ ತಾನಾಗಿ ಬರುತ್ತದೆ.

ನಾಲ್ಕೈದು ಜನ ಕೂಡಿದರೆ ಪಾತ್ರ ಹಂಚಿಕೊಂಡು ಓದುವುದಕ್ಕಿಂತ ಒಳ್ಳೆಯದಿಲ್ಲ. ಆರಂಭಕ್ಕೆ ‘ನಾಗಮಂಡಲ’ವನ್ನೇ ನಾನು ಹೇಳುವುದು. ಮುಖ್ಯ ಪಾತ್ರಗಳು ಕೆಲವೇ. ಅದರ ಮೊದಲಿಗೇ ಬರುವವನು, ತನ್ನ ನಾಟಕಗಳಿಂದ ಪ್ರೇಕ್ಷಕರನ್ನು ನಿದ್ದೆಗೆ ದೂಡಿದ ಪಾಪಕ್ಕೆ ಒಂದು ಇಡೀ ರಾತ್ರಿ ಎಚ್ಚರವಿರದಿದ್ದರೆ ಸಾಯಬೇಕಾದ ನಾಟಕಕಾರ. ಓದುವ ಗುಂಪಿನಲ್ಲಿ ಯಾರಾದರೂ ಆಕಳಿಸಿದರೆ ಆ ಪಾತ್ರವನ್ನು ಅವರಿಗೇ ಕೊಡಿ. ರಂಗಸೂಚನೆ ಓದುವುದಕ್ಕೆ ಒಬ್ಬರನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎಲ್ಲರೂ ಅದನ್ನು ಬಿಟ್ಟುಬಿಡುತ್ತಾರೆ. ದನಿ ಚೆನ್ನಾಗಿರುವವರಿಗೇ ದೊಡ್ಡ ಪಾತ್ರವೆಲ್ಲ ಹೋಗದಂತೆ ಅಂಕಕ್ಕೊಮ್ಮೆ ಬದಲಿಸಿ.

ನೋಡುವುದು ಮೊದಲೋ ಓದುವುದು ಮೊದಲೋ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಮೊದಲ ನಾಟಕವಾದರೆ ನೋಡಿ, ಆಮೇಲೆ ಓದಿ. ನೀನಾಸಂ ತಿರುಗಾಟ 1985ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ, ಬೆಂಗಳೂರಿನಲ್ಲಿ ರಂಗಶಂಕರ, ಮೈಸೂರಿನಲ್ಲಿ ರಂಗಾಯಣ ಇವೆ. ಎರಡನೆಯ ನಾಟಕದಿಂದ ಕ್ರಮ ತಿರುಗಿಸಿ. ಓದಿಕೊಂಡು ಹೋದರೆ ನಿರ್ದೇಶಕ ಏನನ್ನು ಕತ್ತರಿಸಿದ್ದಾನೆ ಎಂದು ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟುವ ಸುಖವೂ ಸಿಗುತ್ತದೆ.

ಹಂತ 7: ಹೆಸರನ್ನಲ್ಲ, ಪುಸ್ತಕವನ್ನೇ ಕೈಗೆ ಕೊಡಿ

ಹೇಳುವ ಮೊದಲು ಪುಸ್ತಕ ಸಿಗುತ್ತದೆಯೇ ಎಂದು ಅಂಗಡಿಗೆ ಫೋನ್ ಮಾಡಿ. ಕನ್ನಡದಲ್ಲಿ ಒಳ್ಳೆಯ ನಾಟಕಗಳು ಮುದ್ರಣ ಮುಗಿದು ವರ್ಷಗಟ್ಟಲೆ ಕಾಣೆಯಾಗಿರುವುದು ಸಾಮಾನ್ಯ. ಸಿಗದ ಪುಸ್ತಕವನ್ನು ಹೊಗಳಿದರೆ ಕೇಳಿದವರ ಉತ್ಸಾಹ ಒಂದು ವಾರದಲ್ಲಿ ಆರುತ್ತದೆ. ಕಾರ್ನಾಡರ ನಾಟಕಗಳಿಗೆ ಧಾರವಾಡದ ಮನೋಹರ ಗ್ರಂಥಮಾಲೆ, ರಂಗಭೂಮಿಯ ಪುಸ್ತಕಗಳಿಗೆ ಹೆಗ್ಗೋಡಿನ ಅಕ್ಷರ ಪ್ರಕಾಶನವನ್ನು ವಿಚಾರಿಸಿ. ಹಳೆಯವಕ್ಕೆ ನಗರ ಕೇಂದ್ರ ಗ್ರಂಥಾಲಯ, ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳು.

ಯಾವುದೂ ಆಗದಿದ್ದರೆ ನಿಮ್ಮ ಹೆಚ್ಚುವರಿ ಪ್ರತಿ ಇದ್ದೇ ಇದೆ. ಯಾರಿಗೆ, ಯಾವ ತಾರೀಖು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಹಂತ 8: ಹತ್ತನೆಯ ದಿನ ವಿಚಾರಿಸಿ

“ಓದಿದಿರಾ?” ಎಂದು ಕೇಳಬೇಡಿ. ಅದು ಮೇಷ್ಟರ ಪ್ರಶ್ನೆ, ಉತ್ತರ ಸುಳ್ಳೇ ಬರುತ್ತದೆ. “ಮಂದಣ್ಣ ಸಿಕ್ಕಿದನೇ?” ಎಂದು ಕೇಳಿ. ‘ಕರ್ವಾಲೊ’ ಹಿಡಿದವರು ನಕ್ಕು ಏನೋ ಒಂದು ಹೇಳುತ್ತಾರೆ, ಹಿಡಿಯದವರು ಯಾರವನು ಎನ್ನುತ್ತಾರೆ. ಎರಡೂ ಪ್ರಾಮಾಣಿಕ ಉತ್ತರ.

ಈ ಲಕ್ಷಣಗಳು ಕಂಡರೆ ಪುಸ್ತಕ ಬದಲಿಸಿ:

– ಪುಟಗುರುತು ಎರಡು ವಾರದಿಂದ ಒಂದೇ ಕಡೆ ಇದೆ.
– “ಭಾಷೆ ತುಂಬಾ ಚೆನ್ನಾಗಿದೆ” ಎನ್ನುತ್ತಾರೆ, ಕಥೆಯ ಸುದ್ದಿಯೇ ಇಲ್ಲ.
– “ಇದರ ಸಿನಿಮಾ ಬಂದಿದೆಯಲ್ಲ?” ಎಂಬ ಪ್ರಶ್ನೆ. ‘ಸಂಸ್ಕಾರ’, ‘ಚೋಮನ ದುಡಿ’, ‘ಶರಪಂಜರ’, ‘ನಾಗಮಂಡಲ’ ಎಲ್ಲವೂ ಸಿನಿಮಾ ಆಗಿವೆ. ನೋಡಲಿ ಬಿಡಿ. ನೋಡಿದ ಮೇಲೆ ಪುಸ್ತಕದ ಕೊನೆಯ ಇಪ್ಪತ್ತು ಪುಟ ಮಾತ್ರ ಓದಲು ಹೇಳಿ, ಹಲವರು ಅಲ್ಲಿಂದ ಹಿಂದಕ್ಕೆ ಹೋಗುತ್ತಾರೆ.
– ಪುಸ್ತಕ ತಮ್ಮ ಮಗನಿಗೆ ಕೊಟ್ಟೆ ಎನ್ನುತ್ತಾರೆ. ಕೆಲವೊಮ್ಮೆ ಮಗ ಓದಿರುತ್ತಾನೆ. ಹಾಗಿದ್ದರೆ ಅವನ ಹೆಸರನ್ನು ನೋಟ್‌ಬುಕ್ಕಿಗೆ ಸೇರಿಸಿ.

ಅರ್ಧಕ್ಕೆ ಬಿಟ್ಟವರಿಗೆ ಮುಗಿಸಿ ಎಂದು ಒತ್ತಾಯ ಮಾಡಬೇಡಿ. ಎಷ್ಟನೆಯ ಪುಟದಲ್ಲಿ ಬಿಟ್ಟಿರಿ ಎಂದಷ್ಟೇ ಕೇಳಿ ಬರೆದುಕೊಳ್ಳಿ. ಮೂವರು ಒಂದೇ ಜಾಗದಲ್ಲಿ ಬಿಟ್ಟರೆ, ಮುಂದಿನವರಿಗೆ ಕೊಡುವಾಗ ಆ ಜಾಗದ ಬಗ್ಗೆ ಮೊದಲೇ ಎಚ್ಚರಿಸಬಹುದು.

ಹಂತ 9: ಮುಗಿಸಿದವರಿಗೆ ಮುಂದಿನ ಮೆಟ್ಟಿಲು

ಅದೇ ಲೇಖಕರ ಇನ್ನೊಂದು, ಅಥವಾ ಅದೇ ನೆಲದ ಇನ್ನೊಂದು. ‘ಕರ್ವಾಲೊ’ ಆದ ಮೇಲೆ ‘ಜುಗಾರಿ ಕ್ರಾಸ್’, ಆಮೇಲೆ ‘ಚಿದಂಬರ ರಹಸ್ಯ’. ಮಲೆನಾಡಿನ ಗಾಳಿ ಹಿಡಿದ ಮೇಲೆ ‘ಮಲೆಗಳಲ್ಲಿ ಮದುಮಗಳು’ ಕೊಟ್ಟು ನೋಡಿ, ಜೊತೆಗೆ ಊರುಗಳನ್ನೂ ಮನೆತನಗಳನ್ನೂ ಬರೆದುಕೊಳ್ಳಲು ಒಂದು ಖಾಲಿ ಹಾಳೆ. ಗುತ್ತಿಯೂ ಅವನ ನಾಯಿ ಹುಲಿಯನೂ ದಾರಿ ಹಿಡಿಯುವಲ್ಲಿಂದಲೇ ಆ ಹಾಳೆ ತುಂಬತೊಡಗುತ್ತದೆ.

ನಾಟಕದ ರುಚಿ ಹತ್ತಿದವರಿಗೆ ನನ್ನ ಇಷ್ಟದ ಪಾಠ ಬೇರೆಯೇ ಇದೆ: ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತ ಮೂರು ನಾಟಕಗಳನ್ನು ಸಾಲಾಗಿ ಓದುವುದು. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’. ಒಂದೇ ಊರು, ಅದೇ ಬಸವಣ್ಣ, ಅದೇ ಬಿಜ್ಜಳ, ಮೂವರ ಕಣ್ಣು ಮಾತ್ರ ಮೂರು ಕಡೆ. ‘ಸಂಕ್ರಾಂತಿ’ಯಿಂದ ಆರಂಭಿಸಿ, ಮೂರರಲ್ಲಿ ಒಳಹೋಗಲು ಸುಲಭವಾದದ್ದು ಅದೇ. ‘ತಲೆದಂಡ’ವನ್ನು ಕೊನೆಗೆ ಇಡಿ, ಅಷ್ಟು ಹೊತ್ತಿಗೆ ಪಾತ್ರಗಳ ದಂಡು ಕಂಡು ಹೆದರಿಕೆಯಾಗುವುದಿಲ್ಲ. ನಮ್ಮ ಗುಂಪು ಈ ಮೂರಕ್ಕೆ ಆರು ಭಾನುವಾರ ತೆಗೆದುಕೊಂಡಿತು. ಐದನೆಯ ಭಾನುವಾರ ಬಿಜ್ಜಳನ ಪರ ಮತ್ತು ವಿರುದ್ಧ ಜಗಳವಾಗಿ ಕಾಫಿ ಆರಿಹೋಯಿತು.

ಕೊಟ್ಟ ಪ್ರತಿ ವಾಪಸ್ ಬಾರದಿದ್ದರೆ ಆರು ತಿಂಗಳ ಮೇಲೆ ಕೇಳುವುದನ್ನು ನಿಲ್ಲಿಸಿ, ನೋಟ್‌ಬುಕ್ಕಿನ ಆ ಸಾಲನ್ನು ಹೊಡೆದುಹಾಕಿ. ‘ಕರ್ವಾಲೊ’ದ ಏಳನೆಯ ಪ್ರತಿ ಕೊಂಡಿದ್ದೇನೆ. ತಂಗಿಯ ಮಗನಿಗೆ ಹೋದ ತಿಂಗಳು ಕೊಟ್ಟದ್ದು ಅದನ್ನೇ. ಸೆಟ್‌ಟಾಪ್ ಬಾಕ್ಸಿನ ಕೆಳಗೆ ಇಡಲು ಅದರ ದಪ್ಪ ಸಾಲದು.